ಕೆರಿಬಿಯನ್ ದ್ವೀಪಕ್ಕೆ ಹೋಗಿ ಅಲ್ಲಿನ ಊಟ, ಸಂಸ್ಕೃತಿ ನೋಡಬೇಕು ಅಂದ್ರೆ ಯಾವುದು ಒಳ್ಳೆಯದು? ಸಸ್ಯಾಹಾರಿಗೆ ಕಷ್ಟ ಆಗುತ್ತಾ?

ರೆಸಾರ್ಟಿನಲ್ಲಿ ಮಲಗಿ ಸಮುದ್ರ ನೋಡುವ ಆಸೆಯಿದ್ದರೆ ಬಾರ್ಬಡೋಸ್, ಅರೂಬಾ ಇವೆ. ನೀವು ಕೇಳಿರುವುದು ಊಟ ಮತ್ತು ಸಂಸ್ಕೃತಿ, ಅಲ್ವಾ? ಹಾಗಾದರೆ ಟ್ರಿನಿಡಾಡ್‌ಗೆ ಹೋಗಿ. ನಾನೂ ಸಸ್ಯಾಹಾರಿ, ಅಲ್ಲಿ ಹಸಿದುಕೊಂಡು ಇರಲಿಲ್ಲ.

ಬೆಳಿಗ್ಗೆ ಹೋಟೆಲಿನ ಬ್ರೆಡ್ಡು, ಜಾಮು ಬಿಟ್ಟು ಬೀದಿಗೆ ಬನ್ನಿ, ಡಬಲ್ಸ್ ತಿನ್ನಿ. ಅರಿಶಿನ ಹಾಕಿ ಕರಿದ ಮೈದಾದ ಎರಡು ಮೆತ್ತನೆಯ ಬಾರಾ, ಅದರ ಮೇಲೆ ಬೆಂದ ಕಾಬೂಲ್ ಕಡಲೆ, ಸೌತೆಕಾಯಿ, ಹುಣಸೆ ಚಟ್ನಿ. ಗಾಡಿಯವರು ‘ಪೆಪ್ಪರ್?’ ಅಂತ ಕೇಳುತ್ತಾರೆ. ಮೊದಲ ಸಲ ‘ಸ್ಲೈಟ್’, ಅಂದರೆ ಸ್ವಲ್ಪ ಸಾಕು, ಅನ್ನಿ. ನಾವೇನು ಖಾರ ತಿನ್ನದವರಾ ಅನ್ನುವ ಜಂಬ ಬೇಡ, ಆ ಮೆಣಸಿನಕಾಯಿ ನಮ್ಮ ಬ್ಯಾಡಗಿ ಅಲ್ಲ. ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ನಿಂತೇ ತಿನ್ನುವುದು. ಚಮಚ ಕೇಳಿದರೆ ನಗುತ್ತಾರೆ.

ಈ ರುಚಿ ಅಲ್ಲಿಗೆ ಹೇಗೆ ಬಂತು ಅಂದರೆ, 1845ರ ಮೇ 30ರಂದು ಫತೇಲ್ ರಜಾಕ್ ಹಡಗಿನಲ್ಲಿ ಕಬ್ಬಿನ ತೋಟದ ಕೂಲಿಗೆ ಮೊದಲ ಭಾರತೀಯರು ಬಂದಿಳಿದರು. ಕರಾರಿನ ಮೇಲೆ ಆಳುಗಳನ್ನು ತರುವುದು 1917ರವರೆಗೂ ನಡೆಯಿತು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಈಗ ದೇಶದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಜನ ಅವರ ವಂಶದವರೇ. ಹಾಗಂತ ‘ಇಂಡಿಯನ್ ಫುಡ್’ ಹುಡುಕಿಕೊಂಡು ಹೋಗಬೇಡಿ, ಸುಮ್ನೆ ನಿರಾಸೆ. ಅವರು ಜೀರಿಗೆಯನ್ನು ಕಪ್ಪಗೆ ಹುರಿದು ಪುಡಿ ಮಾಡುತ್ತಾರೆ. ಕೊತ್ತಂಬರಿಯ ಜಾಗದಲ್ಲಿ ಶಾಡೋ ಬೆನಿ ಅನ್ನುವ ಉದ್ದೆಲೆಯ ಸೊಪ್ಪು ಹಾಕುತ್ತಾರೆ. ಅದು ಅವರದೇ ಅಡುಗೆ, ಹಾಗೇ ತಿಂದರೆ ರುಚಿ ಹತ್ತುತ್ತದೆ.

ದಕ್ಷಿಣದ ಡೆಬೆ ಊರಿಗೆ ಖಂಡಿತ ಹೋಗಿ. ರಸ್ತೆ ಬದಿಯಲ್ಲಿ ಸಾಲು ಅಂಗಡಿಗಳು. ಅಲ್ಲಿನ ಸಹೀನಾ ನೋಡಿದರೆ ನಮ್ಮ ಪತ್ರೊಡೆಯ ದಾಯಾದಿ ಅನ್ನಿಸುತ್ತದೆ: ಕೆಸುವಿನ ಎಲೆ, ಬೇಳೆ ಹಿಟ್ಟು, ಆದರೆ ಎಣ್ಣೆಯಲ್ಲಿ ಕರಿದದ್ದು. ಬೇಳೆ ಹಿಟ್ಟಿನ ಕರಿದ ಉಂಡೆ ಫುಲೌರಿಯನ್ನೂ ಬಿಡಬೇಡಿ. ಎಚ್ಚರ ಬೇಕಾದದ್ದು ಕ್ಯಾಲಲೂ ಅನ್ನುವ ಖಾದ್ಯದ ವಿಷಯದಲ್ಲಿ. ಅದೂ ಸೊಪ್ಪು, ಬೆಂಡೆ, ತೆಂಗಿನ ಹಾಲಿನದೇ, ಆದರೆ ಎಷ್ಟೋ ಕಡೆ ಏಡಿ ಹಾಕಿರುತ್ತಾರೆ. ಕೇಳಿಯೇ ತಿನ್ನಿ. ಮಾಂಸಾಹಾರಿಗಳು ಜೊತೆಗಿದ್ದರೆ ಮರಕಾಸ್ ಕಡಲತೀರದಲ್ಲಿ ಬೇಕ್ ಅಂಡ್ ಶಾರ್ಕ್ (ಕರಿದ ರೊಟ್ಟಿಯೊಳಗೆ ಶಾರ್ಕ್ ಮೀನು) ತಿನ್ನಲಿ, ಅದರ ರುಚಿ ನನಗೆ ಗೊತ್ತಿಲ್ಲ.

ಬೀದಿ ತುಂಬಾ ಕುಣಿಯುವ ಅಲ್ಲಿನ ದೊಡ್ಡ ಹಬ್ಬ ಕಾರ್ನಿವಲ್, ಕ್ರೈಸ್ತರ ಲೆಂಟ್ ಉಪವಾಸಕ್ಕೆ ಮುಂಚಿನ ಸೋಮವಾರ, ಮಂಗಳವಾರ. ಹೋಟೆಲ್ ರೇಟು ಆಗ ಆಕಾಶಕ್ಕೆ. ನನ್ನ ಕೇಳಿದರೆ, ಅದಕ್ಕಿಂತ ಕೆಲವು ವಾರ ಮುಂಚೆ ಹೋಗಿ. ಪನೋರಮಾ ಸ್ಪರ್ಧೆಗೆ ಸ್ಟೀಲ್‌ಪ್ಯಾನ್ ತಂಡಗಳು ರಾತ್ರಿಯೆಲ್ಲಾ ಪ್ಯಾನ್‌ಯಾರ್ಡ್ ಅನ್ನುವ ತಮ್ಮ ಅಂಗಳಗಳಲ್ಲಿ ಅಭ್ಯಾಸ ಮಾಡುತ್ತವೆ. ಎಣ್ಣೆ ಡ್ರಮ್ ತಟ್ಟಿ ಹದ ಮಾಡಿದ ಈ ವಾದ್ಯ ಹುಟ್ಟಿದ್ದೇ ಟ್ರಿನಿಡಾಡಿನಲ್ಲಿ. ನೂರರ ಹತ್ತಿರ ಜನ ಒಟ್ಟಿಗೆ ಬಾರಿಸುವಾಗ ಪಕ್ಕದಲ್ಲಿ ನಿಂತರೆ ಎದೆ ನಡುಗುತ್ತದೆ. ಹೊರಗಿನವರು ಹೋಗಿ ಕೇಳಿದರೆ ಬೇಡ ಅನ್ನುವವರಿಲ್ಲ.

ಕರಾಪಿಚೈಮಾ ಅನ್ನುವ ಊರಲ್ಲಿ 85 ಅಡಿಯ ಹನುಮಂತನ ಮೂರ್ತಿಯಿದೆ. ಪಕ್ಕದ ದತ್ತಾತ್ರೇಯ ದೇವಸ್ಥಾನ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮಕ್ಕೆ ಸೇರಿದ್ದು. ಕ್ರಿಕೆಟ್ ಹುಚ್ಚಿದ್ದರೆ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ನೋಡಿ. 1976ರಲ್ಲಿ ಭಾರತ ನಾಲ್ಕನೇ ಇನ್ನಿಂಗ್ಸ್‌ನಲ್ಲಿ 406 ಹೊಡೆದು ಗೆದ್ದದ್ದು ಅಲ್ಲೇ. ನಮ್ಮ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್, 112 ಹೊಡೆದಿದ್ದರು.

ರಾತ್ರಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಒಬ್ಬರೇ ಅಡ್ಡಾಡಬೇಡಿ, ಅಪರಾಧ ಇದೆ. ಪರಿಚಯದ ಟ್ಯಾಕ್ಸಿ ಇಟ್ಟುಕೊಳ್ಳಿ. ಅಮೆರಿಕದ ಮೇಲೆ ಹೋಗುವುದಾದರೆ ಅಲ್ಲಿನ ಟ್ರಾನ್ಸಿಟ್ ವೀಸಾ ಬೇಕು. ಇನ್ನೊಂದು: ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು ಕಾರ್ಡು ಇಟ್ಟುಕೊಳ್ಳಿ. ಟ್ರಿನಿಡಾಡಿನಿಂದ ನೇರ ಭಾರತಕ್ಕೆ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೇ ಅದನ್ನು ಕೇಳುತ್ತಾರೆ. ಇಲ್ಲದಿದ್ದರೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು.