ಬೀಜದ ಅಂಗಡಿಯಿಂದ ಬಂದ ಚಿತ್ರಗಳು

ಪ್ರಶ್ನೆ: ಬೆಂಗಳೂರಿನ ಹೋಟೆಲೊಂದರ ಗೋಡೆಯ ಮೇಲೆ ಮೂಲಂಗಿ, ಕೋಸು, ಕುಂಬಳಕಾಯಿಗಳನ್ನು ಒತ್ತೊತ್ತಾಗಿ ಜೋಡಿಸಿ ಬರೆದ ಹಳೆಯ ಬಣ್ಣದ ಚಿತ್ರವನ್ನು ಕಂಡೆ. ಕೆಳಗೆ ‘ವಿಲ್ಮೊರಿನ್’ ಎಂಬ ಹೆಸರಿತ್ತು. ದಿನವೂ ಚೀಲ ಹಿಡಿದು ತರುವ ತರಕಾರಿ ಚಿತ್ರದಲ್ಲಿ ಇಷ್ಟು ಸುಂದರವಾಗಿ ಕಾಣುವುದೇಕೆ? ಇದನ್ನು ಬರೆದವರು ಯಾರು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕಂಡದ್ದು ಪ್ಯಾರಿಸ್ಸಿನ ವಿಲ್ಮೊರಿನ್-ಆಂದ್ರಿಯೂ ಎಂಬ ಬೀಜದ ವ್ಯಾಪಾರಿಗಳು 1850ರಿಂದ 1895ರವರೆಗೆ ವರ್ಷಕ್ಕೊಂದರಂತೆ ಹೊರತಂದ 46 ಚಿತ್ರಫಲಕಗಳ ಪೈಕಿ ಒಂದರ ಮರುಮುದ್ರಣವಿರಬೇಕು. ಸೇನ್ ನದಿಯ ದಂಡೆಯ ಮೇಲಿದ್ದ ಈ ಅಂಗಡಿಗೆ ಆಗಲೇ ನೂರು ವರ್ಷದ ಹೆಸರಿತ್ತು. ಫಲಕಗಳಲ್ಲಿ ಹೆಚ್ಚಿನವನ್ನು ಬರೆದವರು ಎಲಿಸಾ ಶಾಂಪ್ಯಾಂ ಎಂಬ ಚಿತ್ರಕಾರ್ತಿ. 1871ರಲ್ಲಿ ಅವರು ತೀರಿಕೊಂಡ ಮೇಲೆ ಕೆಲಸ ಬೇರೆಯವರ ಕೈಗೆ ಹೋಯಿತು.

ಅವು ಸುಂದರವಾಗಿರುವುದಕ್ಕೆ ಕಾರಣವನ್ನು ನಾನು ಕಲೆಯಲ್ಲಿ ಹುಡುಕುವುದಕ್ಕಿಂತ ಮೊದಲು ವ್ಯಾಪಾರದಲ್ಲಿ ಹುಡುಕುತ್ತೇನೆ. ಎಲೆಕೋಸು, ಹೂಕೋಸು, ನವಿಲುಕೋಸುಗಳ ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ: ಮೂರೂ ಸಾಸಿವೆಯಂಥ ಕಂದು ಕಾಳುಗಳೇ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಮೂರೂ ಒಂದೇ ಜಾತಿ, ಬ್ರಾಸಿಕಾ ಒಲೆರೇಸಿಯಾ. ತೋಟಗಾರನು ಹಣ ಕೊಟ್ಟು ಕಾಳನ್ನು ಒಯ್ದು, ಬಿತ್ತಿ, ನೀರು ಹಾಯಿಸಿ, ತಿಂಗಳುಗಟ್ಟಲೆ ಕಾದ ಮೇಲೆಯೇ ತಾನು ಕೊಂಡದ್ದು ಏನೆಂಬುದು ಅವನಿಗೆ ತಿಳಿಯುತ್ತಿತ್ತು. ಆ ಕಾಯುವಿಕೆಗೆ ವ್ಯಾಪಾರಿ ಕೊಟ್ಟ ಮಾತೇ ಚಿತ್ರ. ಆದ್ದರಿಂದ ಉದ್ದ ಮೂಲಂಗಿಯ ಕೆಂಪು ಎಲ್ಲಿ ಮಾಸಿ ಬಾಲದ ಬಿಳುಪಾಗುತ್ತದೆ, ಯಾವ ತಳಿಯ ಎಲೆಯಂಚು ಸೀಳಿರುತ್ತದೆ, ಕರಬೂಜದ ಹಣ್ಣನ್ನು ಕೊಯ್ದಾಗ ತಿರುಳು ಹಸಿರೋ ಕೇಸರಿಯೋ ಎಂಬುದರಲ್ಲಿ ಚಿತ್ರಕಾರ್ತಿ ಸುಳ್ಳು ಹೇಳುವಂತಿರಲಿಲ್ಲ, ಹೊಗಳುವಂತೆಯೂ ಇರಲಿಲ್ಲ. ಹೂವಿನ ಚಿತ್ರಕಾರರಿಗೆ ಇಷ್ಟು ಕಟ್ಟುಪಾಡು ಇರಲಿಲ್ಲವೆಂದೇ ನನ್ನ ಅನಿಸಿಕೆ, ಹಾಗಾಗಿಯೇ ಆ ಕಾಲದ ಎಷ್ಟೋ ಗುಲಾಬಿಗಳು ಇಂದು ಅತಿ ಸಿಹಿಯಾಗಿ ಕಾಣುತ್ತವೆ.

ಜರ್ಮನಿಯ ಎರ್ಫುರ್ಟ್ ಊರಿನ ಬೀಜ ವ್ಯಾಪಾರಿ ಅರ್ನ್ಸ್ಟ್ ಬೆನಾರಿ ಕೂಡ ಇಂಥದೇ 28 ಫಲಕಗಳ ಸಂಪುಟವನ್ನು 1876ರಿಂದ ಕಂತುಕಂತಾಗಿ ಹೊರತಂದರು. ವಿಲ್ಮೊರಿನ್ ಫಲಕ ಆಗತಾನೆ ಕಿತ್ತು ರಾಶಿ ಹಾಕಿದ ಬುಟ್ಟಿಯಂತಿದ್ದರೆ, ಬೆನಾರಿಯದು ಮದುವೆ ಮನೆಯಲ್ಲಿ ಎಲೆಗೆ ಬಡಿಸಿದಷ್ಟು ಅಚ್ಚುಕಟ್ಟು. ನನ್ನ ಮತ ಬುಟ್ಟಿಗೆ.

ಪ್ರಶ್ನೆ: ಫೋಟೋ ತೆಗೆದರೆ ಒಂದು ಕ್ಷಣದಲ್ಲಿ ಮುಗಿಯುವ ಕೆಲಸಕ್ಕೆ ಇಂದಿಗೂ ಸಸ್ಯಶಾಸ್ತ್ರಜ್ಞರು ಕೈಬರಹದ ಚಿತ್ರವನ್ನು ಏಕೆ ಬಯಸುತ್ತಾರೆ?
— ಓದುಗರೊಬ್ಬರು, ಹಾವೇರಿ

ಉತ್ತರ: ಹಾವೇರಿ ಜಿಲ್ಲೆಯ ಬ್ಯಾಡಗಿಯ ನೆರೆಯವರಾದ ನಿಮಗೆ ಮೆಣಸಿನಕಾಯಿಯಿಂದಲೇ ಉತ್ತರ ಹೇಳಬಹುದು. 1542ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಲಿಯೊನ್‌ಹಾರ್ಟ್ ಫುಕ್ಸ್ ಎಂಬ ವೈದ್ಯರ ಗಿಡಮೂಲಿಕೆಯ ಗ್ರಂಥದಲ್ಲಿ ಸುಮಾರು ಐನೂರು ಮರದಚ್ಚಿನ ಚಿತ್ರಗಳಿದ್ದು, ಮೆಣಸಿನಕಾಯಿಯ ಗಿಡವೂ ಅವುಗಳಲ್ಲಿದೆ. ಬೇರು, ಎಲೆ, ಹೂವು, ಕಾಯಿ ಇಷ್ಟನ್ನೂ ಒಂದೇ ಹಾಳೆಯಲ್ಲಿ ತೋರಿಸುವುದು ಇಂಥ ಚಿತ್ರಗಳ ಪದ್ಧತಿ. ಹೊಲದಲ್ಲಿ ಬೇರು ಮಣ್ಣೊಳಗಿರುತ್ತದೆ, ಒಂದು ಎಲೆ ಹುಳು ತಿಂದಿರುತ್ತದೆ, ಹೂವು ಎಲೆಯ ಮರೆಯಲ್ಲಿ ತಲೆ ಬಗ್ಗಿಸಿರುತ್ತದೆ. ಕ್ಯಾಮೆರಾ ಆ ಒಂದು ಗಿಡದ ಆ ಒಂದು ಗಳಿಗೆಯನ್ನು ಹಿಡಿದರೆ, ಚಿತ್ರಕಾರ ಹತ್ತು ಗಿಡಗಳನ್ನು ನೋಡಿ ಎಲ್ಲಕ್ಕೂ ಸಲ್ಲುವ ಒಂದು ಗಿಡವನ್ನು ಬರೆಯುತ್ತಾನೆ. ನೆರಳು ತುಂಬಿ ತಮ್ಮ ಕೈಚಳಕ ಮೆರೆಸುವ ಭರದಲ್ಲಿ ಗಿಡದ ರೂಪವನ್ನು ಕೆಡಿಸದಂತೆ ಕಲಾವಿದರನ್ನು ತಡೆದೆನೆಂದು ಫುಕ್ಸ್ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಆದರೂ ಆ ಕಲಾವಿದರನ್ನು ಮರೆಯಲಿಲ್ಲ: ಗಿಡವನ್ನು ನೋಡಿ ಬರೆದವನು, ಅದನ್ನು ಮರದ ಹಲಗೆಗೆ ಇಳಿಸಿದವನು, ಹಲಗೆಯನ್ನು ಕೆತ್ತಿದವನು, ಈ ಮೂವರ ಭಾವಚಿತ್ರಗಳೂ ಹೆಸರಿನ ಸಮೇತ ಗ್ರಂಥದ ಕೊನೆಯಲ್ಲಿವೆ.

ಅಂಥ ಕಟ್ಟುನಿಟ್ಟಿನ ಫುಕ್ಸ್ ಕೂಡ ಒಂದೆಡೆ ಎಡವಿದರು. ಅಮೆರಿಕದಿಂದ ಬಂದ ಮೆಣಸಿನಕಾಯಿಯನ್ನು ಭಾರತದ್ದೆಂದು ತಿಳಿದು ‘ಕಲ್ಲಿಕೋಟೆಯ ಮೆಣಸು’ ಎಂದು ಕರೆದರು. ನಗಬೇಡಿ, ಕಾಳುಮೆಣಸಿನ ಹೆಸರನ್ನೇ ಕಾಯಿಗೂ ತೊಡಿಸಿ ‘ಮೆಣಸಿನಕಾಯಿ’ ಎಂದವರು ನಾವೂ ಹೌದು.

ಪ್ರಶ್ನೆ: ಹಳೆಯ ಪುಸ್ತಕದಂಗಡಿಯಲ್ಲಿ ಇಂಥ ಹಾಳೆಯೊಂದನ್ನು ತೋರಿಸಿ ಅಸಲಿಯೆಂದು ಭಾರಿ ಬೆಲೆ ಹೇಳಿದರು. ಗುರುತಿಸುವುದು ಹೇಗೆ?
— ಓದುಗರೊಬ್ಬರು, ಮೈಸೂರು

ಉತ್ತರ: ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಹೋಗಿ. ಬಣ್ಣವೆಲ್ಲ ಸಾಲುಸಾಲಾದ ಸಮನಾದ ಚುಕ್ಕೆಗಳಾಗಿ, ಪುಟ್ಟ ಹೂವಿನ ಆಕಾರದಲ್ಲಿ ಸುತ್ತಿಕೊಂಡು ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ. ಕಾಗದ ಎಷ್ಟೇ ಹಳದಿಯಾಗಿರಲಿ, ಹಣ ಹೊರಗೆ ತೆಗೆಯಬೇಡಿ. ಹತ್ತೊಂಬತ್ತನೆಯ ಶತಮಾನದ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸುಣ್ಣಕಲ್ಲಿನ ಚಪ್ಪಡಿ. ಕುಶಲಕರ್ಮಿ ಜಿಡ್ಡಿನ ಮಸಿಯಿಂದ ಅದರ ಮೇಲೆ ಕೈಯಾರೆ ಚುಕ್ಕೆ ಇಡುತ್ತಿದ್ದನು. ಆದ್ದರಿಂದ ಚುಕ್ಕೆಗಳು ಅಲ್ಲಿ ದಟ್ಟ, ಇಲ್ಲಿ ವಿರಳ, ಒಂದರಂತೆ ಇನ್ನೊಂದಿಲ್ಲ. ಅಂಚಿನಲ್ಲಿ ಒಂದು ಬಣ್ಣ ಇನ್ನೊಂದರಿಂದ ಕೂದಲೆಳೆಯಷ್ಟು ಸರಿದಿರುವುದೂ ಉಂಟು. ಅದಕ್ಕೂ ಹಿಂದಿನ ತಾಮ್ರದ ತಗಡಿನ ಅಚ್ಚಾಗಿದ್ದರೆ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗನ್ನು ಬೆರಳಿನಿಂದಲೇ ಸವರಿ ತಿಳಿಯಬಹುದು, ಬಣ್ಣವನ್ನು ಕೈಯಿಂದ ತುಂಬಿದ್ದರೆ ಅದು ಗೆರೆಯನ್ನು ದಾಟಿ ಹರಿದಿರುವುದೂ ಕಾಣುತ್ತದೆ.

ಪ್ರಶ್ನೆ: ಕೋಸು, ಮೂಲಂಗಿ ಸರಿ. ನಮ್ಮ ಹಾಗಲ, ಪಡುವಲಗಳನ್ನು ಯಾರೂ ಬರೆಯಲಿಲ್ಲವೇ?
— ಓದುಗರೊಬ್ಬರು, ಕುಮಟಾ

ಉತ್ತರ: ಬರೆದಿದ್ದಾರೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆ 1678ರಿಂದ 1693ರ ನಡುವೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚು ಹಾಕಿಸಿದ 12 ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಹಾಗಲವೂ ಇದೆ, ‘ಪಡವಲಂ’ ಎಂಬ ಮಲಯಾಳದ ಹೆಸರು ಹೊತ್ತ ಪಡುವಲವೂ ಇದೆ. ಈ ಕೆಲಸಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯರ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರಿದ್ದರು. ಅವರು ಕೊಂಕಣಿಯಲ್ಲಿ ಬರೆದುಕೊಟ್ಟ ಹೇಳಿಕೆ ಮೊದಲ ಸಂಪುಟದಲ್ಲಿ ನಾಗರಿ ಲಿಪಿಯಲ್ಲೇ ಅಚ್ಚಾಗಿದೆ. ಕುಮಟೆಯವರಿಗೆ ಇದು ಮನೆಯ ಸುದ್ದಿಯಂತೆ ಕೇಳೀತು.

ಕನ್ನಡ ನಾಡಿನೊಳಗಿನ ಕಥೆ ಶಿವಮೊಗ್ಗದ್ದು. 1840ರ ದಶಕದ ನಡುವೆ ಅಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ನೇಮ ಹಿಡಿದು, ಮರಾಠಿ ಚಿತ್ರಕಾರನೊಬ್ಬನಿಂದ ಅದನ್ನು ಬರೆಸುತ್ತಿದ್ದನು. ಆ ಹಾಳೆಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಬರೆಸಿದವನ ಹೆಸರು ಸಂಗ್ರಹಕ್ಕೆ ನಿಂತಿದೆ, ಬರೆದವನು ಮಾತ್ರ ‘ಮರಾಠಿ ಚಿತ್ರಕಾರ’ನಾಗಿಯೇ ಉಳಿದಿದ್ದಾನೆ. ಮುನ್ನೂರು ವರ್ಷ ಮೊದಲೇ ಫುಕ್ಸ್ ತೋರಿದ ಸೌಜನ್ಯವನ್ನು ಇಲ್ಲಿ ನೆನೆಯದಿರಲಾರೆ.

ಪ್ರಶ್ನೆ: ನನಗೂ ಒಂದು ಬದನೆಕಾಯಿಯನ್ನು ಹೀಗೆ ಬರೆಯುವ ಆಸೆ. ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಬೆಳಗ್ಗೆಯೇ ಕೂಡಿ, ಸಂಜೆಯ ಹೊತ್ತಿಗೆ ತೊಟ್ಟು ಬಾಡುತ್ತದೆ. ಕಿಟಕಿಯನ್ನು ಎಡಕ್ಕಿಟ್ಟುಕೊಂಡು, ಕಾಯಿಯ ಮೈಮೇಲೆ ಬೆಳಕು ಮಿಂಚುವ ಪಟ್ಟಿಯನ್ನು ಮೊದಲೇ ಪೆನ್ಸಿಲ್ಲಿನಿಂದ ಗುರುತಿಸಿ, ಅಲ್ಲಿ ಕಾಗದವನ್ನು ಬಿಳಿಯಾಗಿಯೇ ಬಿಡಿ. ನೇರಳೆಗೆ ಕಪ್ಪನ್ನು ಬೆರೆಸಬೇಡಿ. ನೀಲಿಯನ್ನೂ ಕೆಂಪನ್ನೂ ತೆಳುವಾಗಿ ಒಂದರ ಮೇಲೊಂದು ಹಚ್ಚುತ್ತ ಹೋದರೆ ಬಣ್ಣಕ್ಕೆ ಆಳ ತಾನಾಗಿ ಬರುತ್ತದೆ. ತೊಟ್ಟಿನ ಮುಳ್ಳುಗಳನ್ನು ಎಣಿಸಿ ಬರೆಯಿರಿ, ಊಹೆಯಿಂದ ಬೇಡ. ಒಳಗಿನ ಬೀಜದ ಸಾಲನ್ನೂ ತೋರಿಸುವುದಾದರೆ ಇನ್ನೊಂದು ಕಾಯಿಯನ್ನು ಹೆಚ್ಚಿ ಅದನ್ನೇ ಮೊದಲು ಬರೆದು ಮುಗಿಸಿ, ಏಕೆಂದರೆ ಹೆಚ್ಚಿದ ಬದನೆ ಎಷ್ಟು ಬೇಗ ಕಪ್ಪಾಗುತ್ತದೆಂದು ಎಣ್ಣೆಗಾಯಿ ಮಾಡುವ ಧಾರವಾಡದವರಿಗೆ ನಾನು ಹೇಳಬೇಕಿಲ್ಲ. ಉಪ್ಪು ನೀರಿನ ಬಟ್ಟಲು ಪಕ್ಕದಲ್ಲಿರಲಿ, ಕುಂಚವನ್ನು ಮಾತ್ರ ಅದರಲ್ಲಿ ಅದ್ದಬೇಡಿ.