ಭುಜದ ಕೀಲು ನಾಲ್ಕೈದು ಸಲ ತಪ್ಪಿದೆ, ಈಗ ನಾನೇ ಕೂರಿಸಿಕೊಳ್ಳುತ್ತೇನೆ. ಆಪರೇಷನ್ ಬೇಕಾ, ಜಿಮ್ ಸಾಕಾ?

'ಮೊದಲಿನಷ್ಟು ನೋವಿಲ್ಲ, ಸಲೀಸಾಗಿ ಒಳಗೆ ಕೂರುತ್ತದೆ, ಹಾಗಾಗಿ ವಾಸಿಯಾಗುತ್ತಿದೆ ಅನ್ಸುತ್ತೆ' ಅಂತ ಬರೆದಿದ್ದೀರಿ. ಅದನ್ನು ಓದಿ ಎದೆ ಧಸಕ್ ಅಂತು. ನಾನೂ ಮನೆಯವರಿಗೆಲ್ಲ ಇದನ್ನೇ ಹೇಳಿಕೊಂಡು ವರ್ಷಗಳನ್ನು ಕಳೆದವನು.

ನನ್ನದು ಬಲಭುಜ. ನಮ್ಮದು ಸಾಗರದ ಕಡೆ ಊರು. ಮಳೆಗಾಲ ಮುಗಿದರೆ ಸಾಕು, ಎಲ್ಲಿ ನೋಡಿದರೂ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ. ಅಂಥದ್ದೊಂದು ಪಂದ್ಯದಲ್ಲಿ ಸ್ಮ್ಯಾಶ್‌ಗೆ ಹಾರಿದ್ದೆ. ಕೈ ತಲೆಯ ಹಿಂದೆ ಎತ್ತಿದ್ದಾಗಲೇ ಎದುರಿನ ಬ್ಲಾಕರ್‌ನ ಕೈ ಬಡಿದು ತೋಳು ಇನ್ನೂ ಹಿಂದಕ್ಕೆ ಹೋಯಿತು. ಇಳಿದಾಗ ಭುಜದ ಮೇಲೆ ಹಳ್ಳ, ಮುಂದೆ ಕಂಕುಳ ಹತ್ತಿರ ಉಬ್ಬು. ತಾಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಇಂಜೆಕ್ಷನ್ ಕೊಟ್ಟು ಕೂರಿಸಿದರು. ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿ ಅಂತ ಚೀಟಿಯಲ್ಲಿ ಬರೆದೂ ಕೊಟ್ಟರು. ನೋವು ಹೋದ ಮೇಲೆ ಆ ಚೀಟಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಆಮೇಲೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದಾಗ ಬ್ರೇಕ್ ಬಿತ್ತು, ಜಾರಿತು. ಅಂಗಡಿಯ ಶಟರ್ ಎಳೆಯುವಾಗ ಜಾರಿತು. ಕೊನೆಗೆ ತಲೆ ಕೆಳಗೆ ಕೈ ಇಟ್ಟು ಮಲಗಿದ್ದಾಗ, ನಿದ್ದೆಯಲ್ಲೇ ಜಾರಿತು. ಅಷ್ಟೊತ್ತಿಗೆ ಆಸ್ಪತ್ರೆಯ ಅಗತ್ಯವೇ ಇರಲಿಲ್ಲ. ಮುಂದಕ್ಕೆ ಬಾಗಿ ಕೈ ಸಡಿಲ ಬಿಟ್ಟರೆ ಟಕ್ ಅಂತ ತಾನಾಗಿ ಕೂರುತ್ತಿತ್ತು. ಮರುದಿನ ಕೆಲಸಕ್ಕೂ ಹೋಗುತ್ತಿದ್ದೆ.

ಇಲ್ಲೇ ನಾನು ಕೆಟ್ಟಿದ್ದು. ಸಲೀಸಾಗಿ ಕೂರುವುದನ್ನು ಒಳ್ಳೆಯ ಲಕ್ಷಣ ಅಂದುಕೊಂಡೆ. ಅದು ಯಾಕೆ ಕೆಟ್ಟ ಲಕ್ಷಣ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ದಯವಿಟ್ಟು ಓದಿ.

ಭುಜದಲ್ಲಿ ತೋಳಿನ ಮೂಳೆಯ ಗುಂಡು ದೊಡ್ಡದು, ಅದು ಕೂರುವ ತಟ್ಟೆ ಚಿಕ್ಕದು. ಆ ತಟ್ಟೆಗೆ ಆಳವೂ ಇಲ್ಲ. ಅದಕ್ಕೇ ಕೈಯನ್ನು ಎಲ್ಲ ಕಡೆ ತಿರುಗಿಸಲು ಆಗುವುದು, ಅದಕ್ಕೇ ಜಾರುವುದೂ. ತಟ್ಟೆಯ ಸುತ್ತ ಲೇಬ್ರಮ್ ಅಂತ ಗಟ್ಟಿ ನಾರಿನ ಒಂದು ಬಳೆ ಇರುತ್ತದೆ. ದುಂಡು ತಳದ ಗಡಿಗೆ ಉರುಳದಿರಲಿ ಅಂತ ಅಜ್ಜಿ ಕೆಳಗೆ ಸಿಂಬೆ ಇಡುತ್ತಿದ್ದರಲ್ಲ, ಇದೂ ಅದೇ ಕೆಲಸ ಮಾಡುತ್ತದೆ. ಭುಜ ಜಾರುವುದು ಬಹುಪಾಲು ಮುಂದಕ್ಕೇ. ಹಾಗೆ ಜಾರಿದಾಗ ಈ ಲೇಬ್ರಮ್ ಮುಂದೆ ಕೆಳಭಾಗದಲ್ಲಿ ಮೂಳೆಯಿಂದ ಕಿತ್ತು ಬರುತ್ತದೆ. ಎಂಆರ್‌ಐ ವರದಿಯಲ್ಲಿ 'ಬ್ಯಾಂಕಾರ್ಟ್' ಅಂತ ಬರೆಯುವುದು ಇದನ್ನೇ. ಹೊರಬಿದ್ದ ಗುಂಡು ತಟ್ಟೆಯ ಅಂಚಿಗೆ ಒತ್ತಿಕೊಂಡು ನಿಲ್ಲುತ್ತದೆ, ಆಗ ಗುಂಡಿನ ಹಿಂಬದಿಯಲ್ಲಿ ಒಂದು ತಗ್ಗು ಬೀಳುತ್ತದೆ. ಅದು 'ಹಿಲ್-ಸ್ಯಾಕ್ಸ್'. 1940ರಲ್ಲಿ ಅದನ್ನು ವಿವರಿಸಿದ ಇಬ್ಬರು ಅಮೆರಿಕನ್ ಎಕ್ಸ್‌ರೇ ತಜ್ಞರ ಹೆಸರು.

ಇಷ್ಟಕ್ಕೇ ನಿಂತರೆ ಪರವಾಗಿಲ್ಲ. ಆದರೆ ಪ್ರತಿ ಸಲ ಜಾರಿದಾಗಲೂ ಗುಂಡು ಅದೇ ಅಂಚನ್ನು ಉಜ್ಜಿಕೊಂಡು ಹೋಗುತ್ತದೆ, ಅದೇ ಅಂಚನ್ನು ಉಜ್ಜಿಕೊಂಡು ವಾಪಸ್ ಬರುತ್ತದೆ. ತಟ್ಟೆಯ ಮುಂದಿನ ಮೂಳೆ ಚೂರುಚೂರೇ ಸವೆಯುತ್ತದೆ. ಗುಂಡಿನ ತಗ್ಗು ದೊಡ್ಡದಾಗುತ್ತದೆ. ಮೊದಲ ಸಲ ಕೂರಿಸಲು ಅಷ್ಟು ಕಷ್ಟವಾಗಿದ್ದು ಯಾಕೆ? ಅಂಚು ಗಟ್ಟಿಯಾಗಿ ಅಡ್ಡ ನಿಂತಿತ್ತು, ಸ್ನಾಯುಗಳೂ ಬಿಗಿ ಹಿಡಿದಿದ್ದವು. ಒಳಗೆ ಬರಲು ಬಿಡದ ಆ ಅಂಚೇ ಹೊರಗೆ ಹೋಗದಂತೆ ತಡೆಯುವುದೂ ಹೌದು. ಅದು ಸವೆದರೆ ಹೋಗುವುದೂ ಸಲೀಸು, ಬರುವುದೂ ಸಲೀಸು. ನೋವು ಕಡಿಮೆಯಾಯಿತು ಅಂದರೆ ಕಿತ್ತು ಬರಲು ಅಲ್ಲಿ ಹೆಚ್ಚೇನೂ ಉಳಿದಿಲ್ಲ ಅಂತ. ಇಷ್ಟನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎರಡನೇ ಸಲ ಜಾರಿದ ದಿನವೇ ಡಾಕ್ಟರ ಹತ್ತಿರ ಓಡುತ್ತಿದ್ದೆ.

ನಿದ್ದೆಯಲ್ಲಿ ಜಾರಿದ ಮೇಲೆ ಹೆಂಡತಿ ಹಠ ಹಿಡಿದು ಬೆಂಗಳೂರಿಗೆ ಕರೆದುಕೊಂಡು ಹೋದಳು. ಭುಜದ ಸರ್ಜನ್ ಮಂಚದ ಮೇಲೆ ಮಲಗಿಸಿದರು. ತೋಳನ್ನು ಪಕ್ಕಕ್ಕೆ ಚಾಚಿ, ಮೊಣಕೈ ಮಡಚಿ, ಮುಂಗೈಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಾ ಹೋದರು. ಅವರು ನೋಡುತ್ತಿದ್ದುದು ನನ್ನ ಮುಖವನ್ನು. ಅರ್ಧಕ್ಕೆ ಬಂದಿರಲಿಲ್ಲ, ಈಗ ಜಾರಿಬಿಡುತ್ತದೆ ಅನ್ನುವ ಭಯಕ್ಕೆ ನನಗೇ ಗೊತ್ತಿಲ್ಲದೆ ಎಡಗೈಯಿಂದ ಅವರ ಮಣಿಕಟ್ಟು ಹಿಡಿದುಬಿಟ್ಟಿದ್ದೆ. "ಸಾಕು, ಸಿಟಿ ಸ್ಕ್ಯಾನ್ ಮಾಡಿಸಿ" ಅಂದರು.

ಎಂಆರ್‌ಐ ಲೇಬ್ರಮ್ ತೋರಿಸುತ್ತದೆ. ಮೂಳೆ ಎಷ್ಟು ಹೋಗಿದೆ ಅಂತ ಸರಿಯಾಗಿ ಅಳೆಯಲು ತ್ರೀಡಿ ಸಿಟಿ ಬೇಕು. ಕಂಪ್ಯೂಟರಿನಲ್ಲಿ ಗುಂಡನ್ನು ಅಳಿಸಿ ಬರೀ ತಟ್ಟೆ ತೋರಿಸಿದರು. ಎಡಭುಜದ ತಟ್ಟೆಯ ಕೆಳಭಾಗ ದುಂಡಗಿತ್ತು. ಬಲಭುಜದ್ದು ಮುಂದೆ ನೇರ ಗೆರೆ. ಅದರ ಮೇಲೊಂದು ವೃತ್ತ ಎಳೆದು, ಖಾಲಿ ಉಳಿದ ಜಾಗ ಎಷ್ಟು ಅಂತ ಲೆಕ್ಕ ಹಾಕಿದರು. ತಟ್ಟೆಯ ಅಗಲದಲ್ಲಿ 20ರಿಂದ 25 ಶೇಕಡಾ ಹೋಗಿದ್ದರೆ ಬರೀ ಲೇಬ್ರಮ್ ಹೊಲಿದರೆ ನಿಲ್ಲುವುದಿಲ್ಲ. ಈಗ ಅನೇಕ ಸರ್ಜನ್‌ಗಳು 15ರ ಆಸುಪಾಸಿನಲ್ಲೇ, ಅದರಲ್ಲೂ ಆಟಗಾರರಾದರೆ, ಎಚ್ಚರ ವಹಿಸುತ್ತಾರೆ. ನನ್ನದು ಆ ಗಡಿ ದಾಟಿತ್ತು.

ಬೇಗ ಹೋಗಿದ್ದರೆ ಚಿಕ್ಕ ರಂಧ್ರಗಳ ಮೂಲಕ ಕ್ಯಾಮೆರಾ ಬಿಟ್ಟು, ಆಂಕರ್ ಅನ್ನುವ, ದಾರ ಕಟ್ಟಿದ ಸಣ್ಣ ಮೊಳೆಗಳಿಂದ ಲೇಬ್ರಮ್ಮನ್ನು ವಾಪಸ್ ಮೂಳೆಗೆ ಬಿಗಿಯುತ್ತಿದ್ದರು. ಅದು ಬ್ಯಾಂಕಾರ್ಟ್ ರಿಪೇರಿ. ನನಗೆ ಆಗಿದ್ದು ಲಟಾರ್ಜೆ. ಫ್ರಾನ್ಸಿನ ಲಿಯಾನ್‌ನ ಸರ್ಜನ್ ಮಿಶೆಲ್ ಲಟಾರ್ಜೆ 1954ರಲ್ಲಿ ಪ್ರಕಟಿಸಿದ ವಿಧಾನ. ಭುಜದ ಮುಂದೆ ಕೊರಕಾಯ್ಡ್ ಅನ್ನುವ ಕೊಕ್ಕೆ ಮೂಳೆ ಇದೆ. ಅದರ ತುದಿಯನ್ನು ಅಂಟಿಕೊಂಡ ಸ್ನಾಯುಗಳ ಸಮೇತ ಕತ್ತರಿಸಿ, ಸವೆದ ಅಂಚಿಗೆ ತಂದು ಸ್ಕ್ರೂ ಹಾಕುತ್ತಾರೆ. ಮೂಳೆಯೂ ತುಂಬುತ್ತದೆ, ಕೈ ಎತ್ತಿದಾಗ ಆ ಸ್ನಾಯುಗಳೂ ಮುಂದೆ ಅಡ್ಡ ನಿಲ್ಲುತ್ತವೆ. ಒಳ್ಳೆಯ ಆಪರೇಷನ್, ನನ್ನ ಭುಜ ಆಮೇಲೆ ಒಮ್ಮೆಯೂ ಜಾರಿಲ್ಲ. ಆದರೆ ನರಗಳು ಹತ್ತಿರದಲ್ಲೇ ಹಾದುಹೋಗುವ ಜಾಗ ಅದು, ಚಿಕ್ಕ ರಿಪೇರಿಗಿಂತ ದೊಡ್ಡ ಕೆಲಸ.

ಹಾಗಾಗಿ 'ಆಪರೇಷನ್ನಾ, ಜಿಮ್ಮಾ' ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಮೂಳೆ ಎಷ್ಟು ಉಳಿದಿದೆ ಅನ್ನುವುದು ಮೊದಲು ಗೊತ್ತಾಗಬೇಕು. ವ್ಯಾಯಾಮ ಸ್ನಾಯು ಬೆಳೆಸುತ್ತದೆ. ಕಿತ್ತ ಲೇಬ್ರಮ್ಮನ್ನು ಅಂಟಿಸುವುದಿಲ್ಲ, ಸವೆದ ಮೂಳೆಯನ್ನು ತುಂಬುವುದಿಲ್ಲ. ಪೆಟ್ಟೇ ಬೀಳದೆ, ಹುಟ್ಟಿನಿಂದಲೇ ಕೀಲುಗಳೆಲ್ಲ ಸಡಿಲ ಇದ್ದು ಎಲ್ಲ ದಿಕ್ಕಿಗೂ ಜಾರುವವರು ಇದ್ದಾರೆ. ಅವರಿಗೆ ಮೊದಲು ವ್ಯಾಯಾಮವೇ ಸರಿ. ಫಿಟ್ಸ್ ಬಂದಾಗ ಜಾರುತ್ತಿದ್ದರೆ ಮೊದಲು ಫಿಟ್ಸ್ ಹತೋಟಿಗೆ ಬರಬೇಕು. ನಿಮ್ಮದು ಕಬಡ್ಡಿಯಲ್ಲಿ ಬಿದ್ದು ಶುರುವಾಗಿದ್ದು, ವಯಸ್ಸು 22. ಈ ವಯಸ್ಸಲ್ಲಿ ಇಷ್ಟು ಸಲ ಜಾರಿದ್ದು ತಾನಾಗಿ ನಿಲ್ಲುತ್ತದೆ ಅಂತ ಕಾಯಬೇಡಿ. 'ಈ ಸೀಸನ್ ಮುಗಿಯಲಿ' ಅಂತಲೂ ಕೇಳಿದ್ದೀರಿ. ಬೇಡ. ಸೀಸನ್‌ನಲ್ಲೇ ಮೂಳೆ ಹೋಗುವುದು.

ಚೇತರಿಕೆ ಬಗ್ಗೆ ಭಯ ಇದೆ ಅಂದಿರಿ. ಕಷ್ಟ ಇದೆ, ಸುಳ್ಳು ಹೇಳಲ್ಲ. ಕತ್ತಿನ ಹತ್ತಿರ ನರಕ್ಕೆ ಇಂಜೆಕ್ಷನ್ ಕೊಟ್ಟಿರುತ್ತಾರೆ, ಅದು ಇಳಿಯುವವರೆಗೆ ಏನೂ ನೋವಿಲ್ಲ. ಇಳಿದಾಗ ಒಮ್ಮೆಗೇ ಬರುತ್ತದೆ. ನೋವಿನ ಮಾತ್ರೆಯನ್ನು ಯಾವಾಗ ಶುರು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಮೊದಮೊದಲು ಅಡ್ಡ ಮಲಗಲು ಆಗಲ್ಲ. ಬೆನ್ನಿಗೆ ದಿಂಬು ಜೋಡಿಸಿ ಅರ್ಧ ಕೂತೇ ನಿದ್ದೆ. ಗುಂಡಿ ಇರುವ ಶರ್ಟ್ ಇಟ್ಟುಕೊಳ್ಳಿ, ಆಪರೇಷನ್ ಆದ ಕೈ ಮೊದಲು ಶರ್ಟಿನ ತೋಳಿಗೆ ಹೋಗಬೇಕು, ಬಿಚ್ಚುವಾಗ ಅದು ಕೊನೆಗೆ. ಕಂಕುಳಲ್ಲಿ ಬೆವರು ನಿಂತು ಚರ್ಮ ಕೆಡುತ್ತದೆ. ಮುಂದಕ್ಕೆ ಬಾಗಿ ಕೈ ಇಳಿಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಕೈಯನ್ನು ಕತ್ತಿಗೆ ತೂಗುಹಾಕುವ ಜೋಳಿಗೆ ಸಾಮಾನ್ಯವಾಗಿ 4ರಿಂದ 6 ವಾರ. ಲಟಾರ್ಜೆ ಆದವರು ಆ ಕೈಯಲ್ಲಿ ತುಂಬಿದ ತಂಬಿಗೆಯನ್ನೂ ಎತ್ತಬಾರದು. ಮೊಣಕೈ ಮಡಚುವ ಸ್ನಾಯು ಅದೇ ಸ್ಕ್ರೂ ಹಾಕಿದ ಮೂಳೆಯನ್ನು ಎಳೆಯುತ್ತದೆ. ಇದನ್ನು ನನಗೆ ಫಿಸಿಯೋ ಹೇಳಿದ್ದು, ಆಕೆಯ ಋಣ ದೊಡ್ಡದು. ಕೈಯನ್ನು ಹೊರಗಡೆ ತಿರುಗಿಸುವ ವ್ಯಾಯಾಮದಲ್ಲಿ ಆಕೆ ಎಲ್ಲಿ ನಿಲ್ಲಿ ಅಂದಳೋ ಅಲ್ಲೇ ನಿಲ್ಲುತ್ತಿದ್ದೆ. ನೀವೂ ಹಾಗೇ ಮಾಡಿ. ಬೇಗ ಆಗಲಿ ಅಂತ ಯಾರಿಂದಲೂ ಕೈ ಎಳೆಸಿಕೊಳ್ಳಬೇಡಿ. ಭಾರ ಎತ್ತುವ ವ್ಯಾಯಾಮ ಸುಮಾರು ಮೂರು ತಿಂಗಳ ಮೇಲೆ, ಮೈಗೆ ಮೈ ತಾಗುವ ಆಟ ಆರು ತಿಂಗಳ ಸುಮಾರಿಗೆ. ಅದೂ ಡಾಕ್ಟರ್ ನೋಡಿ ಹೂಂ ಅಂದರೆ.

ಕೈ ಹೊರಕ್ಕೆ ತಿರುಗುವುದು ನನಗೆ ಸ್ವಲ್ಪ ಕಡಿಮೆಯಾಗಿದೆ. ಮೊದಲಿನ ಸ್ಮ್ಯಾಶ್ ಇಲ್ಲ. ಈಗ ಬೇರೆಯವರ ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಆಗಿ ಆಡುತ್ತೇನೆ, ಖುಷಿಯಾಗಿಯೇ ಆಡುತ್ತೇನೆ.

ನೀವು ಈ ವಾರ ಮಾಡಬೇಕಾದ್ದು ಇಷ್ಟು. ಮೂಳೆ ಡಾಕ್ಟರಲ್ಲೂ ಭುಜದ ಕೆಲಸ ಜಾಸ್ತಿ ಮಾಡುವವರನ್ನು ಹುಡುಕಿ. ದುಡ್ಡಿನ ಚಿಂತೆ ಇದ್ದರೆ ಬೆಂಗಳೂರಿನ ಜಯನಗರದಲ್ಲಿ ಸರ್ಕಾರದ ಸಂಜಯ ಗಾಂಧಿ ಮೂಳೆ ಆಸ್ಪತ್ರೆ ಇದೆ, ಅಲ್ಲಿ ವಿಚಾರಿಸಿ. 'ಮೂಳೆ ಎಷ್ಟು ಶೇಕಡಾ ಹೋಗಿದೆ' ಅಂತ ನೀವೇ ಬಾಯಿ ಬಿಟ್ಟು ಕೇಳಿ. ಅಲ್ಲಿಯವರೆಗೆ ಕಬಡ್ಡಿ ನಿಲ್ಲಿಸಿ, ಬಸ್ಸಲ್ಲಿ ಮೇಲಿನ ಕಂಬಿ ಹಿಡಿಯಬೇಡಿ. ಮತ್ತೆ ಜಾರಿದರೆ ನೀವೇ ಕೂರಿಸಲು ಹೋಗದೆ ಆಸ್ಪತ್ರೆಗೆ ಹೋಗಿ. ಭುಜದ ಹೊರಬದಿಯ ಚರ್ಮ ಮರಗಟ್ಟಿದ್ದರೆ ನರಕ್ಕೆ ಪೆಟ್ಟಾಗಿರಬಹುದು, ಹೋದ ತಕ್ಷಣ ಅದನ್ನು ಡಾಕ್ಟರಿಗೆ ಹೇಳಿ.