ಕುಲುಮೆಯನ್ನು ಬಿಟ್ಟು ಬರೆದ ಲೇಖನ: ಒಬ್ಬ ಬರಹಗಾರರಿಗೆ ಉತ್ತರ

ಪ್ರಿಯ ಬರಹಗಾರರೇ,

ಸಿಲಿಕಾನ್ ಕಾರ್ಬೈಡ್‌ನಂಥ ವೈಡ್ ಬ್ಯಾಂಡ್‌ಗ್ಯಾಪ್ (ಅಗಲವಾದ ಶಕ್ತಿ ಅಂತರದ) ಅರೆವಾಹಕಗಳನ್ನೇ ನಂಬಿಕೊಂಡು ಬೆಳೆದ ಅಮೆರಿಕದ ವೂಲ್ಫ್‌ಸ್ಪೀಡ್ ಕಂಪನಿಯ ಕುರಿತು ನೀವು ಕಳುಹಿಸಿದ ದೀರ್ಘ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದಿಲ್ಲ. ಒಂದು ಸಾಲಿನ ವಿಷಾದಪತ್ರ ಬರೆದು ಮುಗಿಸಬಹುದಾಗಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ಕನ್ನಡದಲ್ಲಿ ಈ ವಿಷಯಕ್ಕೆ ಕೈ ಹಾಕುವವರೇ ಕಡಿಮೆ. ಕೈ ಹಾಕಿದ ನೀವು ಅದರ ಜೀವ ಇರುವ ಜಾಗವನ್ನೇ ಬಿಟ್ಟು ಮುಂದೆ ಹೋಗಿದ್ದೀರಿ ಎಂಬುದು ನನ್ನನ್ನು ನಿಜವಾಗಿಯೂ ಕಾಡಿತು.

ನಿಮ್ಮ ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ. 1987ರಲ್ಲಿ ನಾರ್ತ್ ಕರೋಲಿನಾದಲ್ಲಿ ಕ್ರೀ ಎಂಬ ಹೆಸರಿನಿಂದ ಆರಂಭವಾದ ಕಂಪನಿ 2021ರಲ್ಲಿ ಹೆಸರು ಬದಲಿಸಿಕೊಂಡದ್ದನ್ನೂ, 2016ರಲ್ಲಿ ಜರ್ಮನಿಯ ಚಿಪ್ ಕಂಪನಿ ಇನ್ಫಿನಿಯನ್ ಆಗಿನ ಕ್ರೀಯ ವೂಲ್ಫ್‌ಸ್ಪೀಡ್ ವಿಭಾಗವನ್ನು 85 ಕೋಟಿ ಡಾಲರಿಗೆ ಕೊಳ್ಳಲು ಮುಂದಾಗಿ, ಅಮೆರಿಕ ಸರ್ಕಾರದ ಭದ್ರತಾ ಆಕ್ಷೇಪದಿಂದ 2017ರಲ್ಲಿ ಆ ಒಪ್ಪಂದ ಮುರಿದುಬಿದ್ದದ್ದನ್ನೂ ಅಚ್ಚುಕಟ್ಟಾಗಿ ಹೇಳಿದ್ದೀರಿ.

ಇನ್ನು ನನಗೆ ತಡೆದುಕೊಳ್ಳಲಾಗದ ವಾಕ್ಯಕ್ಕೆ ಬರುತ್ತೇನೆ. ಎರಡನೇ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: "ಈ ವಸ್ತುಗಳಲ್ಲಿ ಬ್ಯಾಂಡ್‌ಗ್ಯಾಪ್ ಅಗಲವಾಗಿರುವುದರಿಂದ ಎಲೆಕ್ಟ್ರಾನ್‌ಗಳಿಗೆ ಓಡಾಡಲು ವಿಶಾಲವಾದ ದಾರಿ ಸಿಗುತ್ತದೆ, ಹಾಗಾಗಿ ವಿದ್ಯುತ್ ವೇಗವಾಗಿ ಹರಿಯುತ್ತದೆ." ಈ ವಾಕ್ಯದ ಪ್ರತಿಯೊಂದು ಭಾಗವೂ ತಲೆಕೆಳಗಾಗಿದೆ. ಬ್ಯಾಂಡ್‌ಗ್ಯಾಪ್ ಎಂಬುದು ಶಕ್ತಿಯ ಅಂತರ, ಮತ್ತು ಆ ಅಂತರದೊಳಗೆ ಶುದ್ಧ ಹರಳಿನ ಯಾವ ಎಲೆಕ್ಟ್ರಾನಿಗೂ ನೆಲೆಯಿಲ್ಲ. ಪರಮಾಣುಗಳ ಬಂಧದಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನ್ ಬಿಡುಗಡೆಯಾಗಿ ವಿದ್ಯುತ್ತನ್ನು ಹೊರಬೇಕಾದರೆ ಆ ಅಂತರವನ್ನು ಒಂದೇ ನೆಗೆತಕ್ಕೆ ದಾಟಬೇಕು. ಸಿಲಿಕಾನ್‌ನಲ್ಲಿ ಅದಕ್ಕೆ 1.12 ಎಲೆಕ್ಟ್ರಾನ್ ವೋಲ್ಟ್ ಸಾಕು. ವಿದ್ಯುತ್ ಸಾಧನಗಳಿಗೆ ಬಳಸುವ 4ಎಚ್ ಮಾದರಿಯ ಸಿಲಿಕಾನ್ ಕಾರ್ಬೈಡ್‌ನಲ್ಲಿ ಸುಮಾರು 3.26, ಗ್ಯಾಲಿಯಂ ನೈಟ್ರೈಡ್‌ನಲ್ಲಿ ಸುಮಾರು 3.4 ಬೇಕು. ವೇಗದ ಮಾತು ಇನ್ನೂ ತಪ್ಪು, ಏಕೆಂದರೆ ಸಿಲಿಕಾನ್ ಕಾರ್ಬೈಡ್‌ನಲ್ಲಿ ಎಲೆಕ್ಟ್ರಾನ್‌ಗಳ ಚಲನಶೀಲತೆ, ಅಂದರೆ ಅವು ಸರಾಗವಾಗಿ ಸಾಗುವ ಗುಣ, ಸಿಲಿಕಾನ್‌ಗಿಂತ ಕಡಿಮೆಯೇ ಇದೆ.

ಹಾಗಾದರೆ ಲಾಭ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ನೀವು ಕೇಳಿಕೊಂಡಿದ್ದರೆ ಲೇಖನದ ದಿಕ್ಕೇ ಬದಲಾಗುತ್ತಿತ್ತು. ಸ್ವಿಚ್ಚಿನಂತೆ ಕೆಲಸ ಮಾಡುವ ಸಾಧನವೊಂದು ವಿದ್ಯುತ್ತನ್ನು ತಡೆದು ನಿಂತಿರುವಾಗ ಅದರ ಎರಡು ತುದಿಗಳ ನಡುವೆ ನೂರಾರು ವೋಲ್ಟ್ ಒತ್ತಡ ಇರುತ್ತದೆ. ಒಳಗಿನ ವಿದ್ಯುತ್ ಕ್ಷೇತ್ರ ಮಿತಿ ಮೀರಿದರೆ, ಅಲ್ಲಿರುವ ಕೆಲವೇ ಬಿಡಿ ಎಲೆಕ್ಟ್ರಾನ್‌ಗಳು ವೇಗ ಪಡೆದು ಬಂಧಗಳಿಗೆ ಡಿಕ್ಕಿ ಹೊಡೆದು ಹೊಸ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ, ಅವು ಮತ್ತಷ್ಟನ್ನು ಬಿಡಿಸುತ್ತವೆ, ತಡೆ ಕುಸಿಯುತ್ತದೆ. ಅಂತರ ದೊಡ್ಡದಿದ್ದಷ್ಟೂ ಹೀಗೆ ಬಿಡಿಸುವುದು ಕಷ್ಟ. ಆದ್ದರಿಂದಲೇ ಸಿಲಿಕಾನ್ ಕಾರ್ಬೈಡ್ ಸಿಲಿಕಾನ್‌ಗಿಂತ ಸುಮಾರು ಹತ್ತು ಪಟ್ಟು ಬಲವಾದ ಕ್ಷೇತ್ರವನ್ನು ತಾಳಿಕೊಳ್ಳುತ್ತದೆ. 1200 ವೋಲ್ಟ್ ತಡೆಯಲು ಸಿಲಿಕಾನ್‌ನಲ್ಲಿ ಸುಮಾರು 100 ಮೈಕ್ರೋಮೀಟರ್ ದಪ್ಪದ ಪದರ ಬೇಕಾದರೆ, ಇಲ್ಲಿ ಸುಮಾರು 10 ಮೈಕ್ರೋಮೀಟರ್ ಸಾಕಾಗುತ್ತದೆ, ಮತ್ತು ಆ ತೆಳು ಪದರಕ್ಕೆ ವಾಹಕತೆ ಕೊಡುವ ಬೆರಕೆಯನ್ನೂ ಹೆಚ್ಚು ಸೇರಿಸಬಹುದು. ಸಾಧನ ವಿದ್ಯುತ್ತನ್ನು ಹರಿಯಬಿಟ್ಟಾಗ ಅದು ದಾಟಬೇಕಾದ ದಾರಿ ಗಿಡ್ಡದಾಗುತ್ತದೆ, ರೋಧ ಇಳಿಯುತ್ತದೆ, ಶಾಖವಾಗಿ ಹಾಳಾಗುವ ಶಕ್ತಿ ತಗ್ಗುತ್ತದೆ.

ಬಿ. ಜಯಂತ್ ಬಾಳಿಗಾ ಅವರ ಹೆಸರನ್ನು ನೀವು "ಖ್ಯಾತ ವಿಜ್ಞಾನಿ" ಎಂಬ ವಿಶೇಷಣದೊಂದಿಗೆ ಒಮ್ಮೆ ತಂದು ಬಿಟ್ಟುಬಿಟ್ಟಿದ್ದೀರಿ. ಅವರು 1980ರ ದಶಕದ ಆರಂಭದಲ್ಲಿ ಕೊಟ್ಟ ಅಳತೆಗೋಲೇ ನಿಮ್ಮ ಲೇಖನಕ್ಕೆ ಬೆನ್ನೆಲುಬಾಗಬಹುದಿತ್ತು. ಯಾವ ವಸ್ತು ವಿದ್ಯುತ್ ಸ್ವಿಚ್ಚಿಗೆ ಹೆಚ್ಚು ಯೋಗ್ಯ ಎಂದು ಹೇಳುವ ಆ ಸೂತ್ರದಲ್ಲಿ ಎಲೆಕ್ಟ್ರಾನ್‌ಗಳ ಚಲನಶೀಲತೆ ಒಂದೇ ಸಲ ಗುಣಿಸಲ್ಪಡುತ್ತದೆ, ತಾಳಿಕೊಳ್ಳುವ ಕ್ಷೇತ್ರವಾದರೋ ಮೂರು ಸಲ. ಚಲನಶೀಲತೆಯಲ್ಲಿ ಹಿಂದೆ ಬಿದ್ದರೂ ಸಿಲಿಕಾನ್ ಕಾರ್ಬೈಡ್ ಸಿಲಿಕಾನ್ ಅನ್ನು ನೂರಾರು ಪಟ್ಟು ಮೀರಿಸಬಲ್ಲದು ಎಂಬುದಕ್ಕೆ ಕಾರಣ ಅದೇ. ಓದುಗರಿಗೆ ಇಷ್ಟನ್ನು ಹೇಳಲು ಗಣಿತದ ಚಿಹ್ನೆಗಳು ಬೇಕಾಗಿಲ್ಲ.

ಎರಡನೆಯ ದೋಷ ನನಗೆ ಇನ್ನೂ ಹತ್ತಿರದ್ದು. ನಾಲ್ಕನೇ ಪುಟದ ನಿಮ್ಮ ವಾಕ್ಯ ಇದು: "ಕಂಪನಿಯು ವಿಶ್ವದರ್ಜೆಯ ತಂತ್ರಜ್ಞಾನ ಹಾಗೂ ದಶಕಗಳ ಪರಿಣತಿಯಿಂದ ಉತ್ಕೃಷ್ಟ ಗುಣಮಟ್ಟದ ವೇಫರ್‌ಗಳನ್ನು ತಯಾರಿಸುತ್ತದೆ." ನಾನು ಉಪಸಂಪಾದಕನ ತರಬೇತಿಯಲ್ಲಿದ್ದಾಗ ಕಂಪನಿಗಳ ಪ್ರಕಟಣೆಗಳನ್ನು ಕಿರುಸುದ್ದಿಯಾಗಿ ಇಳಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ನಮ್ಮ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, ಪ್ರತಿ ವಾಕ್ಯದಲ್ಲೂ ಕಂಪನಿಯ ಹೆಸರು ತೆಗೆದು ಒಂದು ಸಿಮೆಂಟ್ ಕಂಪನಿಯ ಹೆಸರು ಹಾಕಿ ಓದು ಎನ್ನುತ್ತಿದ್ದರು. ಹಾಗೆ ಓದಿದರೂ ವಾಕ್ಯ ಕೆಡದಿದ್ದರೆ ಅದನ್ನು ಹೊಡೆದುಹಾಕಬೇಕಿತ್ತು. ಯಾವುದೇ ಕಾರ್ಖಾನೆಯ ಬಗ್ಗೆ ಬರೆಯಲು ಹೊರಟರೆ ಅವರು ಕೇಳುತ್ತಿದ್ದದ್ದು ಇಷ್ಟೇ: ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ, ನಡುವೆ ಏನು ಹಾಳಾಗುತ್ತದೆ? ಇದಕ್ಕೆ ಉತ್ತರ ಸಿಗುವ ತನಕ ಅವರು ನನ್ನ ಕೈಗೆ ಹಾಳೆಯನ್ನೇ ಕೊಡುತ್ತಿರಲಿಲ್ಲ. ಆಗ ಅದು ಕಠೋರವೆನ್ನಿಸುತ್ತಿತ್ತು. ಇಂದು ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ನಾನು ಬರೆದಿರುವುದು ಅದೇ ಪ್ರಶ್ನೆ.

ಈ ಕಾರ್ಖಾನೆಯ ಮಟ್ಟಿಗೆ ಆ ಪ್ರಶ್ನೆಗೆ ಸಿಗುವ ಉತ್ತರ ಅದ್ಭುತವಾಗಿದೆ. ಸಿಲಿಕಾನ್ ಅನ್ನು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಬೀಜದ ಹರಳನ್ನು ಮುಟ್ಟಿಸಿ ತಿರುಗಿಸುತ್ತಾ ಮೇಲೆಳೆದರೆ ಕೆಲವೇ ದಿನಗಳಲ್ಲಿ ಆಳೆತ್ತರದ ಹರಳಿನ ದಿಂಡು ಸಿಗುತ್ತದೆ. ಸಿಲಿಕಾನ್ ಕಾರ್ಬೈಡ್ ಸಾಮಾನ್ಯ ಒತ್ತಡದಲ್ಲಿ ಕರಗುವುದೇ ಇಲ್ಲ, ಕರ್ಪೂರದಂತೆ ಘನದಿಂದ ನೇರವಾಗಿ ಆವಿಯಾಗುತ್ತದೆ. ಆದ್ದರಿಂದ ಅದರ ಪುಡಿಯನ್ನು ಗ್ರಾಫೈಟ್ ಮೂಸೆಯ ತಳದಲ್ಲಿಟ್ಟು, ಮುಚ್ಚಳದ ಒಳಮೈಗೆ ಬೀಜದ ಹರಳನ್ನು ಅಂಟಿಸಿ, ಕುಲುಮೆಯಲ್ಲಿ 2000 ಡಿಗ್ರಿಗೂ ಹೆಚ್ಚು ಕಾಯಿಸುತ್ತಾರೆ. ಆವಿ ಮೇಲೇರಿ, ತುಸು ತಂಪಾಗಿರುವ ಬೀಜದ ಮೇಲೆ ಪದರ ಪದರವಾಗಿ ಕೂರುತ್ತದೆ. ಬೀಜದ ಹರಳನ್ನು ಬಳಸುವ ಈ ವಿಧಾನವನ್ನು ಸೋವಿಯತ್ ವಿಜ್ಞಾನಿಗಳಾದ ತೈರೋವ್ ಮತ್ತು ತ್ಸ್ವೆತ್ಕೋವ್ 1978ರಲ್ಲಿ ಪ್ರಕಟಿಸಿದರು. ಗಂಟೆಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಬೆಳವಣಿಗೆ. ವಾರವಿಡೀ ಕಾದರೆ ಸಿಗುವುದು ಕೆಲವು ಸೆಂಟಿಮೀಟರ್ ಎತ್ತರದ ಗಟ್ಟಿ.

ಹಾಳಾಗುವುದರ ಲೆಕ್ಕ ಇನ್ನೂ ದೊಡ್ಡದು. ಈ ವಸ್ತುವಿನ ಪದರಗಳು ಒಂದರ ಮೇಲೊಂದು ಕೂರುವ ಕ್ರಮದಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಬೇಕಾಗಿರುವುದು 4ಎಚ್ ಒಂದೇ, ಆದರೆ ಉಷ್ಣತೆಯೋ ಒತ್ತಡವೋ ಸ್ವಲ್ಪ ಅಲುಗಿದರೂ ಬೇರೊಂದು ಬಗೆ ನಡುವೆ ತಲೆಯೆತ್ತುತ್ತದೆ. ಹರಳಿನ ಉದ್ದಕ್ಕೂ ಟೊಳ್ಳಾದ ಸೂಕ್ಷ್ಮ ಕೊಳವೆಗಳು ಉಳಿದುಬಿಡಬಹುದು, ಅಂಥ ಒಂದೇ ಕೊಳವೆ ಹೆಚ್ಚಿನ ವೋಲ್ಟೇಜಿನ ಸಾಧನವನ್ನು ಕೆಡಿಸಲು ಸಾಕು. ಕೊನೆಗೆ ಗಟ್ಟಿಯನ್ನು ವೇಫರ್‌ಗಳೆಂಬ ತೆಳು ಬಿಲ್ಲೆಗಳಾಗಿ ಸೀಳುವಾಗ, ವಸ್ತು ವಜ್ರಕ್ಕೆ ಸಮೀಪದ ಗಡಸಿನದಾದ್ದರಿಂದ ವಜ್ರದ ತಂತಿಯೇ ಬೇಕು, ಕೊಯ್ತದಲ್ಲಿ ಸಾಕಷ್ಟು ಭಾಗ ಪುಡಿಯಾಗಿ ಹೋಗುತ್ತದೆ. ಕ್ರೀ ಕಂಪನಿ 1991ರಲ್ಲಿ ಈ ವೇಫರ್‌ಗಳನ್ನು ಮಾರಾಟಕ್ಕೆ ತಂದಿತು, 200 ಮಿಲಿಮೀಟರ್ ವೇಫರ್‌ಗಳ ಕಾರ್ಖಾನೆ ನ್ಯೂಯಾರ್ಕ್ ರಾಜ್ಯದ ಮೊಹಾಕ್ ವ್ಯಾಲಿಯಲ್ಲಿ ತೆರೆದದ್ದು 2022ರಲ್ಲಿ. ಈ ಎರಡು ಇಸವಿಗಳೂ ನಿಮ್ಮ ಲೇಖನದಲ್ಲಿವೆ. ನಡುವಿನ ಮೂರು ದಶಕ ಏಕೆ ಬೇಕಾಯಿತು ಎಂಬುದು ಮಾತ್ರ ಇಲ್ಲ.

ಕುಲುಮೆಯನ್ನು ಬಿಟ್ಟದ್ದರಿಂದಲೇ ನಿಮ್ಮ ಕೊನೆಯ ಭಾಗವೂ ಸೊರಗಿದೆ. "ಮಾರುಕಟ್ಟೆಯ ಪ್ರತಿಕೂಲ ಪರಿಸ್ಥಿತಿಯಿಂದ ಕಂಪನಿ ಕೆಲಕಾಲ ಸಂಕಷ್ಟಕ್ಕೆ ಒಳಗಾಯಿತು" ಎಂದು ಬರೆದು ಸುಮ್ಮನಾಗಿದ್ದೀರಿ. ಹರಳು ತನ್ನ ಗತಿಯಲ್ಲೇ ಬೆಳೆಯುವಾಗ ಉತ್ಪಾದನೆ ಹೆಚ್ಚಿಸಲು ಇರುವ ಮುಖ್ಯ ದಾರಿ ಕುಲುಮೆಗಳ ಸಂಖ್ಯೆ ಹೆಚ್ಚಿಸುವುದು, ಮತ್ತು ಅವುಗಳನ್ನು ಬೇಡಿಕೆ ಬರುವ ಎಷ್ಟೋ ಮುಂಚೆ ಸಾಲ ಮಾಡಿ ಕಟ್ಟಬೇಕು. ವಿದ್ಯುತ್ ವಾಹನಗಳ ಮಾರಾಟ ಎಣಿಸಿದಷ್ಟು ವೇಗವಾಗಿ ಏರಲಿಲ್ಲ, ಅದೇ ಹೊತ್ತಿಗೆ ಚೀನಾದ ತಯಾರಕರಿಂದ ವೇಫರ್‌ಗಳ ಬೆಲೆ ಕುಸಿಯಿತು. 2025ರ ಜೂನ್ 30ರಂದು ಕಂಪನಿ ಅಮೆರಿಕದ ದಿವಾಳಿ ಕಾನೂನಿನ 11ನೇ ಅಧ್ಯಾಯದಡಿ ರಕ್ಷಣೆ ಕೋರಿತು, ಸಾಲದ ಸುಮಾರು ಶೇ 70ರಷ್ಟನ್ನು ಇಳಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಹೊರಬಂದಿತು. ಇದನ್ನು ಮರೆಮಾಚುವ ಗೌರವ ಆ ಕಂಪನಿಗೂ ಬೇಕಿಲ್ಲ, ನಿಮ್ಮ ಓದುಗರಿಗಂತೂ ಬೇಡವೇ ಬೇಡ.

ಎಲ್‌ಇಡಿ ದೀಪಗಳ ಪುಟಗಳನ್ನು ಅರ್ಧಕ್ಕೆ ಇಳಿಸಿ. ಗ್ಯಾಲಿಯಂ ನೈಟ್ರೈಡ್ ಬೇರೆಯೇ ಲೇಖನಕ್ಕೆ ಆಗುವಷ್ಟಿದೆ, ಇಲ್ಲಿಂದ ತೆಗೆಯಿರಿ. ಉಳಿದ ಜಾಗದಲ್ಲಿ ಕುಲುಮೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಎತ್ತಿಕೊಳ್ಳಿ: ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಸಿಲಿಕಾನ್ ಕಾರ್ಬೈಡ್ ಡಯೋಡ್ 2001ರಲ್ಲೇ ಮಾರುಕಟ್ಟೆಗೆ ಬಂದಿದ್ದರೂ, ಕ್ರೀ ತನ್ನ ಮಾಸ್ಫೆಟ್ ಎಂಬ ಸ್ವಿಚ್ ಸಾಧನವನ್ನು ಮಾರಲು 2011ರವರೆಗೆ ಏಕೆ ಕಾಯಬೇಕಾಯಿತು? ಹರಳಿನ ಮೇಲೆ ಬೆಳೆಸುವ ಆಕ್ಸೈಡ್ ಪದರ ಹರಳನ್ನು ಸಂಧಿಸುವ ಗಡಿಯಲ್ಲಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಡುವ ದೋಷಗಳಿದ್ದವು, ಅವನ್ನು ತಗ್ಗಿಸಲು ನೈಟ್ರಿಕ್ ಆಕ್ಸೈಡ್ ಅನಿಲದಲ್ಲಿ ಕಾಯಿಸುವ ಉಪಾಯ ಬೇಕಾಯಿತು. ಅಲ್ಲಿಂದ ಹುಡುಕುತ್ತಾ ಹೋಗಿ, ಎರಡು ಪುಟಕ್ಕೆ ಸಾಕಾಗುವಷ್ಟು ವಿಷಯ ಸಿಗುತ್ತದೆ. ಹೊಸ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ